ಸಾಮಾನ್ಯ ಪ್ರದೇಶದ ನಿರ್ವಹಣೆ: ಹೊಣೆಯ ಜೊತೆಗೆ ಲೆಕ್ಕವೂ ಇರಲಿ

ನೆಲ ಅಂತಸ್ತಿನಲ್ಲಿ ಅಂಗಡಿ ಮಳಿಗೆಗಳು, ಮೇಲಿನ ಅಂತಸ್ತುಗಳಲ್ಲಿ ವಾಸದ ಮನೆಗಳು ಇರುವ ಕಟ್ಟಡಗಳು ರಾಜ್ಯದ ನಗರಗಳಲ್ಲಿ ಇಂದು ಸಾಮಾನ್ಯವಾಗಿವೆ. ವರ್ತಕರು ಹಾಗೂ ಸಣ್ಣ ಉದ್ಯಮಿಗಳು ಇವುಗಳಲ್ಲಿ ಮಳಿಗೆಯನ್ನೋ ಮನೆಯನ್ನೋ ಹೊಂದಿರುತ್ತಾರೆ. ಆದರೆ ಲಿಫ್ಟ್, ಮೆಟ್ಟಿಲು, ನೀರಿನ ಸಂಪು, ಜನರೇಟರ್, ತಾರಸಿ, ಒಳಚರಂಡಿ ಮೊದಲಾದವುಗಳ ನಿರ್ವಹಣೆ ಯಾರದ್ದು ಎಂಬ ತಕರಾರು ಬಗೆಹರಿಯುವುದೇ ಇಲ್ಲ. ‘ಲಿಫ್ಟ್ ಬಳಸದ ನಾವೇಕೆ ಹಣ ಕೊಡಬೇಕು?’ ಎಂಬುದು ಮಳಿಗೆದಾರರ ಪ್ರಶ್ನೆ. ‘ಕಟ್ಟಿದವರೇ ನೋಡಿಕೊಳ್ಳಲಿ’ ಎಂಬುದು ಮನೆಯವರ ವಾದ. ‘ಮಾರಿದ ಮೇಲೆ ನಮಗೆ ಸಂಬಂಧವಿಲ್ಲ’ ಎಂಬುದು ಬಿಲ್ಡರುಗಳ ಉತ್ತರ. ಕಾನೂನಿನ ಮುಂದೆ ಈ ಮೂರೂ ವಾದಗಳು ಪೂರ್ತಿಯಾಗಿ ನಿಲ್ಲಲಾರವು.

ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಅಧಿನಿಯಮ, 1972 ಮುಖ್ಯವಾಗಿ ವಾಸಕ್ಕೆಂದು ಇರುವ ಕಟ್ಟಡಗಳಿಗೆ, ಘೋಷಣಾ ಪತ್ರ ನೋಂದಾಯಿಸಿದಾಗ, ಅನ್ವಯಿಸುತ್ತದೆ. ಅದರ ಪ್ರಕಾರ ಸಾಮಾನ್ಯ ಪ್ರದೇಶದಲ್ಲಿ ಪ್ರತಿಯೊಬ್ಬ ಮಾಲೀಕರಿಗೂ ಅವಿಭಾಜ್ಯ ಹಕ್ಕಿದೆ. ಆ ಹಕ್ಕಿನ ಪ್ರಮಾಣದಲ್ಲೇ ವೆಚ್ಚವೂ ಹಂಚಿಕೆಯಾಗತಕ್ಕದ್ದು. ಸೌಲಭ್ಯ ಬಳಸುವುದಿಲ್ಲವೆಂದು ಅಥವಾ ಮನೆಗೆ ಬೀಗ ಹಾಕಿದೆಯೆಂದು ಯಾರೂ ಈ ವೆಚ್ಚದಿಂದ ವಿನಾಯಿತಿ ಪಡೆಯುವಂತಿಲ್ಲ. ಬಾಕಿ ಉಳಿದ ಮೊತ್ತವು ಆ ಸ್ವತ್ತಿನ ಮೇಲಿನ ಋಣಭಾರವಾಗುತ್ತದೆ. ಮಳಿಗೆದಾರರ ಅಸಮಾಧಾನದಲ್ಲಿ ಹುರುಳಿಲ್ಲವೆಂದಲ್ಲ. ಕೆಲವರ ಬಳಕೆಗಷ್ಟೇ ಮೀಸಲಾದ ‘ಸೀಮಿತ ಸಾಮಾನ್ಯ ಪ್ರದೇಶ’ವನ್ನು ಘೋಷಣಾ ಪತ್ರದಲ್ಲಿ ಗುರುತಿಸಲು ಇದೇ ಅಧಿನಿಯಮದಲ್ಲಿ ಅವಕಾಶವಿದೆ. ಮಳಿಗೆ ಕೊಳ್ಳುವ ಮುನ್ನವೇ ಆ ಪತ್ರವನ್ನು ಓದಿ ನೋಡುವುದು ಜಾಣತನ. ಕೊಂಡ ಮೇಲೆ ವಂತಿಗೆ ನಿಲ್ಲಿಸುವುದಲ್ಲ.

ಬಿಲ್ಡರುಗಳ ಹೊಣೆಯೂ ಸ್ಪಷ್ಟವಾಗಿದೆ. ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಅಧಿನಿಯಮ, 2016ರ ವ್ಯಾಪ್ತಿಯ ಯೋಜನೆಗಳಲ್ಲಿ, ಮಾಲೀಕರ ಸಂಘವು ವಹಿಸಿಕೊಳ್ಳುವವರೆಗೆ ನ್ಯಾಯಸಮ್ಮತ ಶುಲ್ಕ ಪಡೆದು ಅಗತ್ಯ ಸೇವೆಗಳನ್ನು ಪ್ರವರ್ತಕರೇ ಒದಗಿಸಬೇಕು. ಸ್ವಾಧೀನ ಕೊಟ್ಟ ದಿನದಿಂದ 5 ವರ್ಷಗಳೊಳಗೆ ತಿಳಿಸಲಾದ ರಚನಾ ದೋಷವನ್ನು 30 ದಿನಗಳಲ್ಲಿ ತಮ್ಮ ಖರ್ಚಿನಲ್ಲಿ ಸರಿಪಡಿಸಬೇಕು. ಸಂಘ ರಚನೆಯಲ್ಲಿ ಭಾಗವಹಿಸುವುದು ಖರೀದಿದಾರರ ಕರ್ತವ್ಯವೆಂದೂ ಅಧಿನಿಯಮ ಹೇಳುತ್ತದೆ. ಸ್ಥಳೀಯ ಸಂಸ್ಥೆಗೆ ಹಸ್ತಾಂತರವಾದ ರಸ್ತೆ, ಉದ್ಯಾನಗಳ ಹೊಣೆ ಆ ಸಂಸ್ಥೆಯದ್ದು. ಅದನ್ನು ನಿವಾಸಿಗಳ ತಲೆಗೆ ಕಟ್ಟುವುದು ಸರಿಯಲ್ಲ.

ಹೊಣೆ ಇಷ್ಟು ಸ್ಪಷ್ಟವಾಗಿದ್ದರೂ ಕಟ್ಟಡಗಳು ಸೊರಗುತ್ತಿರುವುದು ಏಕೆ? ಲೆಕ್ಕ ಸರಿಯಿಲ್ಲದಿರುವುದೇ ಇದಕ್ಕೆ ಬಹುಮಟ್ಟಿನ ಕಾರಣ. ಮಾರಾಟದ ವೇಳೆ ಪಡೆದ ನಿರ್ವಹಣಾ ಠೇವಣಿಯ ಲೆಕ್ಕ ಎಷ್ಟೋ ಸಂಘಗಳಿಗೆ ಸಿಗುವುದೇ ಇಲ್ಲ. ಸಂಘಗಳು ಸಹ ಕಾವಲುಗಾರರ ಸಂಬಳ, ವಿದ್ಯುತ್ ಬಿಲ್ಲುಗಳಷ್ಟನ್ನೇ ವೆಚ್ಚವೆಂದು ಭಾವಿಸಿ, ಸವಕಳಿಯನ್ನು ಮರೆಯುತ್ತವೆ. ಕಾರ್ಖಾನೆ ನಡೆಸುವವರಿಗೆ ಯಂತ್ರದ ಸವಕಳಿಯ ಬಗ್ಗೆ ಹೇಳಬೇಕಾಗಿಲ್ಲ. ಆದರೆ ಅವರೇ ತಮ್ಮ ಮನೆಯ ಲಿಫ್ಟಿಗೆ ಅದನ್ನು ಅನ್ವಯಿಸುವುದಿಲ್ಲ!

ಉದಾಹರಣೆಗೆ, ಸಮಾನ ಪಾಲಿನ 24 ಮನೆಗಳ ಕಟ್ಟಡವೊಂದರಲ್ಲಿ 14,40,000 ರೂ. ವೆಚ್ಚದ ಲಿಫ್ಟನ್ನು 20 ವರ್ಷಗಳ ನಂತರ ಬದಲಿಸಬೇಕೆಂದು ಭಾವಿಸೋಣ. ಬೆಲೆಯೇರಿಕೆ ಹಾಗೂ ಬಡ್ಡಿಯನ್ನು ಬದಿಗಿಟ್ಟರೆ, ಮೊದಲಿನಿಂದಲೂ ಪ್ರತಿ ಮನೆಯಿಂದ ತಿಂಗಳಿಗೆ 250 ರೂ. ತೆಗೆದಿಟ್ಟರೆ ಸಾಕು. ತೆಗೆದಿಡದಿದ್ದರೆ ಒಮ್ಮೆಲೇ ತಲಾ 60,000 ರೂ. ಕೊಡಬೇಕಾಗುತ್ತದೆ. ಆಗ ನಾಲ್ಕು ಮನೆಯವರು ಹಿಂಜರಿದರೂ ಲಿಫ್ಟ್ ನಿಂತಂತೆಯೇ. ಮೇಲಿನ ಅಂತಸ್ತಿನ ವೃದ್ಧರು ಮನೆಯಲ್ಲೇ ಬಂದಿಗಳಾಗುತ್ತಾರೆ, ಸ್ವತ್ತಿನ ಬೆಲೆಯೂ ಕುಸಿಯುತ್ತದೆ.

ಆದ್ದರಿಂದ ಸಂಘಗಳು ದಿನನಿತ್ಯದ ವೆಚ್ಚಕ್ಕೂ ಬದಲಾವಣೆ ನಿಧಿಗೂ ಪ್ರತ್ಯೇಕ ಬ್ಯಾಂಕ್ ಖಾತೆ ಇಡಬೇಕು. ಪ್ರತಿ ವರ್ಷ ಲೆಕ್ಕ ಪರಿಶೋಧನೆ ಮಾಡಿಸಿ ಮಹಾಸಭೆಯ ಮುಂದಿಡಬೇಕು. ವಾರ್ಷಿಕ ವಹಿವಾಟು 20 ಲಕ್ಷ ರೂ. ಮೀರಿದ್ದು, ಸದಸ್ಯರೊಬ್ಬರಿಂದ ತಿಂಗಳಿಗೆ 7,500 ರೂ.ಗಿಂತ ಹೆಚ್ಚು ಪಡೆಯುವ ಸಂಘಗಳು ಜಿ.ಎಸ್.ಟಿ. ಹೊಣೆಯನ್ನೂ ಗಮನಿಸಬೇಕು. ಬಿಲ್ಡರುಗಳು ಹಸ್ತಾಂತರದ ದಿನವೇ ನಕ್ಷೆ, ಲಿಫ್ಟ್ ಪರವಾನಗಿ, ಸೇವಾ ಒಪ್ಪಂದಗಳು ಹಾಗೂ ಠೇವಣಿಯ ಲೆಕ್ಕವನ್ನು ಒಪ್ಪಿಸಬೇಕು.

ವ್ಯಾಪಾರದಲ್ಲಿ ಪಾಲುದಾರರು ಒಬ್ಬರನ್ನೊಬ್ಬರು ನಂಬುವುದು ಲೆಕ್ಕದ ಪುಸ್ತಕ ತೆರೆದಿದ್ದಾಗ. ಒಂದೇ ಸೂರಿನಡಿ ಇರುವ ಮಾಲೀಕರೂ ಪಾಲುದಾರರೇ. ಈ ಶಿಸ್ತನ್ನು ತಮ್ಮ ಕಟ್ಟಡದ ಸಂಘಕ್ಕೂ ಕಲಿಸಿಕೊಡುವುದು ಲೆಕ್ಕ ಬಲ್ಲ ವರ್ತಕರಿಂದ ಆಗಬೇಕಾದ ಕೆಲಸ.