ಹಳಿ ದಾಟುವವರು

ಕೊಳ್ಳೇಗಾಲ, ಹನೂರು, ಯಳಂದೂರುಗಳಲ್ಲಿ ರೈಲಿಲ್ಲ. ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲಗಳ ಮೇಲೆ ಚಾಮರಾಜನಗರಕ್ಕೆ ಬರಬೇಕಾದ ಮಾರ್ಗ ದಶಕಗಳಿಂದ ಕಾಗದದ ಮೇಲೆಯೇ ಓಡುತ್ತಿದೆ. ಹೀಗಿರಲು ಹಳಿಯ ಅಪಾಯದ ಮಾತು ನಮಗೇಕೆಂದು ವಾಚಕ ಮಿತ್ರರು ಕೇಳಬಹುದು. ಗಾರೆ ಕೆಲಸಕ್ಕೋ ಓದಿಗೋ ಮೈಸೂರು, ಬೆಂಗಳೂರುಗಳನ್ನು ಸೇರಿದ ನಮ್ಮವರು, ಬಾಡಿಗೆ ಅಗ್ಗವೆಂದು ಹಿಡಿಯುವ ಮನೆ ಎಷ್ಟೋ ವೇಳೆ ಹಳಿಯ ಮಗ್ಗುಲಲ್ಲಿಯೇ ಇರುತ್ತದೆ.

ರೈಲನ್ನೇ ಕಾಣದ ಹಳ್ಳಿಯವನಿಗೇ ಅಪಾಯ ಹೆಚ್ಚೆಂಬುದು ಸಾಮಾನ್ಯ ನಂಬಿಕೆ. ನಾನಿದನ್ನು ಒಪ್ಪಲಾರೆ. ಹೊಸಬನಿಗೆ ಹೆದರಿಕೆಯುಂಟು, ಎರಡು ಕಡೆಯೂ ನೋಡಿ ದಾಟುತ್ತಾನೆ. ದಿನಕ್ಕೆರಡು ಬಾರಿ ದಾಟುವವನಿಗೆ ಗಾಡಿಗಳ ವೇಳೆ ಬಾಯಿಪಾಠ. ಅವನು ಕಣ್ಣಿಗಿಂತ ಗಡಿಯಾರವನ್ನು ನಂಬುತ್ತಾನೆ. ಹೀಗೆ ಸಾಯುವವರಲ್ಲಿ ದುಡಿಯುವ ವಯಸ್ಸಿನ ಗಂಡಸರೇ ಹೆಚ್ಚೆಂಬುದು ಹಲವು ದೇಶಗಳ ಅನುಭವ. ಗಂಟೆಗೆ 100 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಮುಂದೆ ಬರುತ್ತದೆ. ಚಾಲಕನು ಬ್ರೇಕು ಹಾಕಿದರೂ ನೂರಾರು ಮೀಟರ್ ಹೋಗದೆ ನಿಲ್ಲದು. ಮೈಸೂರು-ಬೆಂಗಳೂರು ಮಾರ್ಗವೀಗ ಜೋಡಿ ಹಳಿಯದು, ವಿದ್ಯುತ್ತಿನದು. ಒಂದು ಗಾಡಿ ಹೋಯಿತೆಂದು ಕಾಲಿಟ್ಟವನಿಗೆ, ಅದರ ಮರೆಯಲ್ಲಿ ಎದುರಿನಿಂದ ಬರುವ ಇನ್ನೊಂದು ಕಾಣುವುದಿಲ್ಲ. ಕಿವಿಯಲ್ಲಿ ಹಾಡಿನ ತಂತಿಯಿದ್ದರೆ ಕೇಳುವುದೂ ಇಲ್ಲ. (ಈ ಮಾತು ನಮ್ಮ ತರಗತಿಯ ಹಲವರಿಗೆ ತಟ್ಟಲಿ!)

ಕಾನೂನು ಇವರೆಲ್ಲರನ್ನೂ ಅತಿಕ್ರಮಿಗಳೆನ್ನುತ್ತದೆ. 1989ರ ರೈಲ್ವೆ ಅಧಿನಿಯಮದ 147ನೆಯ ಪ್ರಕರಣದಂತೆ ಆರು ತಿಂಗಳವರೆಗೆ ಸೆರೆ, ಇಲ್ಲವೆ 1000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಆದರೆ 2012ರಲ್ಲಿ ಅನಿಲ್ ಕಾಕೋಡ್ಕರ್ ಸಮಿತಿಯು ಹೀಗೆ ಸಾಯುವವರು ವರ್ಷಕ್ಕೆ ಸುಮಾರು 15,000 ಮಂದಿಯೆಂದು ವರದಿ ಮಾಡಿತು. ಇಷ್ಟು ಜನರೂ ಮೊಂಡರೆ? 2020ರ ಮೇ 8ರಂದು ಔರಂಗಾಬಾದಿನ ಬಳಿ ಗೂಡ್ಸ್ ಗಾಡಿಗೆ ಸಿಕ್ಕಿ ಸತ್ತ 16 ಮಂದಿ ಕೂಲಿಗಳು, ಲಾಕ್‌ಡೌನಿನಲ್ಲಿ ಊರಿಗೆ ನಡೆದು ಹೊರಟು, ದಣಿದು ಹಳಿಯ ಮೇಲೆ ಮಲಗಿದ್ದವರು. ದಂಡದ ಹೆದರಿಕೆ ಅವರನ್ನು ಎಬ್ಬಿಸುತ್ತಿತ್ತೆ?

ಜನ ತುಳಿದು ತುಳಿದು ಕಾಲುಹಾದಿ ಬಿದ್ದಿರುವ ಕಡೆಯಲ್ಲಿಯೇ ಮೇಲ್ಸೇತುವೆಯೋ ಕೆಳದಾರಿಯೋ ಆಗಬೇಕು. ಅರ್ಧ ಮೈಲಿ ಆಚೆ ಕಟ್ಟಿದರೆ, ತಲೆಯ ಮೇಲೆ ಹೊರೆಯಿರುವವಳು ಅದನ್ನು ಹತ್ತಲಾರಳು. ನಮ್ಮ ಮಾರ್ಗವೂ ಎಂದಾದರೂ ಬಂದೀತು. ಆಗ ಮನೆ ಹಳಿಯ ಈಚೆ, ಹೊಲ ಆಚೆ ಉಳಿಯುವ ರೈತನೂ, ಕುರಿ ಹೊಡೆದುಕೊಂಡು ಹೋಗುವ ಹುಡುಗನೂ ದಿನವೂ ಹಳಿ ದಾಟಬೇಕಾದೀತು. ಅವರ ದಾರಿ ಎಲ್ಲೆಲ್ಲಿ ಎಂಬುದನ್ನು ನಮ್ಮ ಪಂಚಾಯಿತಿಗಳು ನಕ್ಷೆ ಮುಗಿಯುವ ಮೊದಲೇ ಬರೆದು ಕಳುಹಿಸಲಿ.