ಮುತ್ತಾತ ಡಾಕ್ಟರು ಓದಿದ್ದೆಲ್ಲಿ? ರದ್ದಿಗೆ ಹಾಕುವ ಮುನ್ನ ಟ್ರಂಕು ನೋಡಿ!

"ನಮ್ಮ ಮುತ್ತಾತ ಆ ಕಾಲಕ್ಕೇ ಡಾಕ್ಟರು ಕಣ್ರೀ. ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ಓದಿದೋರಂತೆ!"

ಕುದೂರಿನಲ್ಲಿ ಮಾಗಡಿ ಬಸ್ಸಿಗೆ ಕಾಯುತ್ತ ನಿಂತವರ ಕಿವಿಗೆ ಇಂಥ ಮಾತು ಬಿದ್ದರೆ ಆಶ್ಚರ್ಯವಿಲ್ಲ. ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಅಜ್ಜಿ ಹೇಳಿದ್ದನ್ನು ಅಪ್ಪ ಹೇಳಿದ, ಅಪ್ಪ ಹೇಳಿದ್ದನ್ನು ಮಗ ಹೇಳುತ್ತಾನೆ. ಆದರೆ ಲೆಕ್ಕ ಮಾತ್ರ ಕೂಡಲ್ಲ. ಮೈಸೂರು ಮೆಡಿಕಲ್ ಕಾಲೇಜು ಶುರುವಾದದ್ದೇ 1924ರಲ್ಲಿ. ಅದೂ ಬೆಂಗಳೂರಿನಲ್ಲಿ! ಮೈಸೂರಿಗೆ ಹೋದದ್ದು 1930ರಲ್ಲಿ. 1880ರ ಸುಮಾರಿಗೆ ಡಾಕ್ಟರಿಕೆ ಕಲಿತ ಮುತ್ತಾತ ಆ ಬಾಗಿಲು ತುಳಿದದ್ದು ಹೇಗೆ?

ಹಾಗಂತ ಮುತ್ತಾತ ಡಾಕ್ಟರೇ ಅಲ್ಲ ಎಂದು ನಗುವುದೂ ತಪ್ಪು. ಓದಿದ ಊರು ಬೇರೆ ಇದ್ದೀತು. ಹುಡುಕಬೇಕು, ಅಷ್ಟೆ.

ಮದರಾಸಿನ ದಾರಿ

ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲಿಷ್ ವೈದ್ಯ ಕಲಿಯಲು ಇದ್ದ ಬಾಗಿಲುಗಳು ಬೆರಳೆಣಿಕೆ. ಕಲ್ಕತ್ತ ಮತ್ತು ಮದರಾಸಿನಲ್ಲಿ 1835ರಲ್ಲಿ ಆರಂಭ. ಬೊಂಬಾಯಿಯ ಗ್ರಾಂಟ್ ಕಾಲೇಜು 1845ರದು. ಹೈದರಾಬಾದಿನಲ್ಲಿ 1846ರಲ್ಲಿ ಶುರುವಾದ ಶಾಲೆಯಲ್ಲಿ ಪಾಠ ಉರ್ದುವಿನಲ್ಲಿ. ಮಾಗಡಿ ಸೀಮೆಯ ಹುಡುಗನಿಗೆ ಹತ್ತಿರದ್ದು ಮದರಾಸು. ಬೆಂಗಳೂರು ದಂಡಿನಲ್ಲಿ 1809ರಿಂದ ಬೀಡುಬಿಟ್ಟಿದ್ದೂ ಮದರಾಸಿನ ಸೈನ್ಯವೇ. ಹೀಗಾಗಿ ಮೊದಲು ತಟ್ಟಬೇಕಾದ ಬಾಗಿಲು ಮದರಾಸಿನದು.

ಗೋಡೆಯ ಮೇಲಿನ ಹಳೇ ಫೋಟೋ ಕೆಳಗಿನ ಅಕ್ಷರಗಳನ್ನು ಕನ್ನಡಕ ಹಾಕಿ ಓದಿ. ಮದರಾಸು ವಿಶ್ವವಿದ್ಯಾನಿಲಯ ಹುಟ್ಟಿದ್ದು 1857ರಲ್ಲಿ. ಅದು ಆ ಶತಮಾನದಲ್ಲಿ ಕೊಡುತ್ತಿದ್ದದ್ದು ಎಲ್.ಎಂ.ಎಸ್. ಮತ್ತು ಎಂ.ಬಿ.ಸಿ.ಎಂ. ಈ ಅಕ್ಷರಗಳಿದ್ದರೆ ಆ ವಿಶ್ವವಿದ್ಯಾನಿಲಯದ ಹಳೆಯ ಕ್ಯಾಲೆಂಡರುಗಳಲ್ಲಿ ಹೆಸರು ಹುಡುಕಬಹುದು. ಕ್ಯಾಲೆಂಡರ್ ಅಂದರೆ ಗೋಡೆಗೆ ನೇತುಹಾಕೋದಲ್ಲ, ಪಾಸಾದವರ ಪಟ್ಟಿ ಅಚ್ಚಾಗುತ್ತಿದ್ದ ವರ್ಷದ ಪುಸ್ತಕ.

'ಡ್ರೆಸರ್' ಅಂದ್ರೆ ಕೀಳೇ?

ಆ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ? ಬಹಳ ಮನೆಗಳಲ್ಲಿ ಹುಡುಕಾಟ ಇಲ್ಲಿಗೇ ನಿಲ್ಲುತ್ತದೆ. ಯಾಕೆಂದರೆ ಮುಂದಿನ ಸತ್ಯ ಹೇಳಲು ನಾಚಿಕೆ! ಊರಲ್ಲಿ 'ಡಾಕ್ಟರು' ಅನ್ನಿಸಿಕೊಂಡವರೆಲ್ಲ ಪದವೀಧರರಲ್ಲ. ಹಾಸ್ಪಿಟಲ್ ಅಸಿಸ್ಟೆಂಟ್, ಅಪಾತಿಕರಿ, ಡ್ರೆಸರ್ ಎಂಬ ಹುದ್ದೆಗಳಿದ್ದವು. ಇವರು ಮೆಡಿಕಲ್ ಸ್ಕೂಲಿನಲ್ಲೋ ಆಸ್ಪತ್ರೆಯಲ್ಲೋ ತರಬೇತಾದವರು. ಮದರಾಸಿನ ಶಾಲೆ ತೆರೆದದ್ದೇ ಇಂಥವರನ್ನು ತಯಾರು ಮಾಡಲಿಕ್ಕೆ.

ಕಾಲೇಜು ಮುಗಿಸಿದವರು ಕೆಲವೇ ಮಂದಿ. ಹಳ್ಳಿಗಾಡಿನಲ್ಲಿ ಗಾಯಕ್ಕೆ ಕಟ್ಟು ಕಟ್ಟಿದವರು, ಕಾಲರಾ ಬಂದಾಗ ಓಡಾಡಿದವರು, ಸಿಡುಬಿಗೆ ದಾಕು ಹಾಕಿದವರು ಈ ಸಣ್ಣ ಹುದ್ದೆಯವರೇ. ಮೊಮ್ಮಕ್ಕಳಿಗೆ ಮಾತ್ರ ಅದು ಸಾಲದು, ಮುತ್ತಾತ 'ಲಂಡನ್ ರಿಟರ್ನ್ಡ್' ಆಗಿರಲೇಬೇಕು! ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಮುತ್ತಾತನಿಗೂ ಬಿತ್ತು ನೋಡಿ. ಇಲ್ಲದ ಪದವಿ ಅಂಟಿಸಿದರೆ ಅವರ ಮಾನ ಹೆಚ್ಚುವುದಿಲ್ಲ. ಅವರು ನಿಜಕ್ಕೂ ಮಾಡಿದ ಕೆಲಸ ಅಳಿಸಿಹೋಗುತ್ತದೆ, ಅಷ್ಟೆ.

ಡಾ. ಪಲ್ಪು ಹೇಳುವ ಪಾಠ

ಹುಡುಕುವ ಬಗೆ ತಿಳಿಯಲು ಡಾ. ಪಲ್ಪು ಅವರ ಬದುಕು ನೋಡಿ. ಹುಟ್ಟಿದ್ದು 1863ರಲ್ಲಿ, ತಿರುವನಂತಪುರದಲ್ಲಿ. ಈಳವ ಜಾತಿಯವರೆಂಬ ಕಾರಣಕ್ಕೆ ತಿರುವಾಂಕೂರು ಸಂಸ್ಥಾನ ಓದಿಗೂ ದಾರಿ ಬಿಡಲಿಲ್ಲ, ನೌಕರಿಯನ್ನೂ ಕೊಡಲಿಲ್ಲ. ಮದರಾಸಿಗೆ ಹೋಗಿ ಎಲ್.ಎಂ.ಎಸ್. ಮಾಡಿದರು. ಕೆಲಸ ಕೊಟ್ಟದ್ದು ಮೈಸೂರು ಸಂಸ್ಥಾನ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಡಿದಾಗ ಜನ ಊರು ಬಿಟ್ಟು ಓಡಿದರೆ, ಪಲ್ಪು ಪ್ಲೇಗಿನ ಕೆಲಸಕ್ಕೆ ನಿಂತರು. ಅದಕ್ಕೆ ಎರಡು ವರ್ಷ ಮೊದಲು, 1896ರಲ್ಲಿ, ತಮ್ಮ ಜನರಿಗೆ ಓದು ಮತ್ತು ನೌಕರಿ ಕೊಡಿ ಎಂದು ಹದಿಮೂರು ಸಾವಿರಕ್ಕೂ ಹೆಚ್ಚು ಸಹಿಗಳ ಅರ್ಜಿಯನ್ನು ತಿರುವಾಂಕೂರು ಮಹಾರಾಜರಿಗೆ ಕೊಟ್ಟಿದ್ದರು.

ಹುಟ್ಟಿದ್ದು ಒಂದು ಕಡೆ, ಓದಿದ್ದು ಇನ್ನೊಂದು ಕಡೆ, ದುಡಿದದ್ದು ಮತ್ತೊಂದು ಕಡೆ. ಬೆಂಗಳೂರಿನಲ್ಲಷ್ಟೇ ಹುಡುಕಿದವನಿಗೆ ಅರ್ಧ ಪಲ್ಪು ಕೂಡ ಸಿಗುವುದಿಲ್ಲ. ಕುದೂರಿನ ಮುತ್ತಾತನಿಗೂ ಇದೇ ಲೆಕ್ಕ.

ಹಳೇ ಕಡತದಲ್ಲಿ ಊರಿನ ವಿಳಾಸವೂ ಬೇರೆ. ಇವತ್ತಿನ ಜಿಲ್ಲೆಯ ಹೆಸರು ಹಿಡಿದು ಹೋದರೆ ದಾರಿ ತಪ್ಪೀತು. ರಾಮನಗರ ಜಿಲ್ಲೆಯಾದದ್ದು 2007ರಲ್ಲಿ, ಅದಕ್ಕೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದದ್ದು 2025ರಲ್ಲಿ. ಮುತ್ತಾತನ ಕಾಲಕ್ಕೆ ಮಾಗಡಿ ಸೇರಿದ್ದು ಬೆಂಗಳೂರು ಜಿಲ್ಲೆಗೆ. 1831ರಿಂದ 1881ರವರೆಗೆ ಮೈಸೂರು ಸಂಸ್ಥಾನದ ಆಡಳಿತ ಬ್ರಿಟಿಷರ ಕೈಯಲ್ಲಿತ್ತು. ಆದ್ದರಿಂದ ಬೆಂಗಳೂರಿನ ರಾಜ್ಯ ಪತ್ರಾಗಾರದ ಜೊತೆಗೆ ಚೆನ್ನೈ ಎಗ್ಮೋರಿನ ಪತ್ರಾಗಾರದಲ್ಲೂ ವಿಚಾರಿಸಬೇಕು.

ಇನ್ನೊಂದು ಎಚ್ಚರಿಕೆ. ಡಾಕ್ಟರುಗಳ ನೋಂದಣಿ ಕಾನೂನು ಬೊಂಬಾಯಿಯಲ್ಲಿ ಬಂದದ್ದು 1912ರಲ್ಲಿ, ಮದರಾಸಿನಲ್ಲಿ 1914ರಲ್ಲಿ, ಮೈಸೂರಿನಲ್ಲಿ 1931ರಲ್ಲಿ. ಅದಕ್ಕೆ ಮೊದಲೇ ಕಣ್ಣು ಮುಚ್ಚಿದವರ ಹೆಸರು ಆ ರಿಜಿಸ್ಟರಿನಲ್ಲಿ ಇರುವುದಿಲ್ಲ. ಹೆಸರಿಲ್ಲ ಎಂದ ಮಾತ್ರಕ್ಕೆ ನಕಲಿ ಡಾಕ್ಟರ್ ಅಂತ ತೀರ್ಮಾನಿಸಬೇಡಿ.

ತಕ್ಕಡಿಗೆ ಬಿದ್ದ ಮಾನ

ಪತ್ರಾಗಾರ ದೂರ, ಟ್ರಂಕು ಹತ್ತಿರ. ಅಟ್ಟದ ಮೇಲಿನ ಟ್ರಂಕಿನಲ್ಲಿ ಒಂದು ವರ್ಗಾವಣೆ ಆರ್ಡರ್, ಒಂದು ಪೆನ್ಷನ್ ಕಾಗದ, ಮೊದಲ ಪುಟದಲ್ಲಿ ಹೆಸರು, ಊರು, ಇಸವಿ ಬರೆದ ಒಂದು ಮೆಡಿಕಲ್ ಪುಸ್ತಕ ಸಿಕ್ಕರೆ ಸಾಕು, ಅರ್ಧ ಕೆಲಸ ಆದಂತೆ. ಆದರೆ ಆಗುವುದೇನು? ಪಾಲು ಹಂಚಿಕೆಯಲ್ಲಿ ಹಿತ್ತಾಳೆ ಪಾತ್ರೆಗೆ ಜಗಳ ಆಡುತ್ತಾರೆ, ಕಾಗದ ಕೇಳೋರಿಲ್ಲ. ಜಮೀನಿನ ಪತ್ರ ಬೀರುವಿಗೆ, ಮಿಕ್ಕಿದ್ದೆಲ್ಲ ಗುಜರಿಗೆ! ಕೆ.ಜಿ. ಲೆಕ್ಕದಲ್ಲಿ ಮುತ್ತಾತನ ಮಾನ ತೂಗಿಸಿ, ಆಮೇಲೆ ಬಸ್ ಸ್ಟ್ಯಾಂಡಿನಲ್ಲಿ ಅವರದೇ ಹೆಸರು ಹೇಳಿ ಮೀಸೆ ತಿರುವುವುದು ಯಾವ ನ್ಯಾಯ?

ಅಂಗಡಿಯ ಯಜಮಾನರಿಗೂ ಒಂದು ಮಾತು. ರದ್ದಿಯಲ್ಲಿ ಇಂಗ್ಲಿಷ್ ಮೊಹರಿನ ಹಳದಿ ಕಾಗದ ಕಂಡರೆ ಪೊಟ್ಟಣ ಕಟ್ಟುವ ಮುನ್ನ ಎರಡು ನಿಮಿಷ ಕಣ್ಣಾಡಿಸಿ. ತಂದವರಿಗೆ ತೋರಿಸಿ ಕೇಳಿ. ನಷ್ಟವೇನೂ ಇಲ್ಲ.

ಸರ್ಕಾರದ ಪಾಲೂ ಇದೆ. ಹಳೇ ದವಾಖಾನೆಗಳ ರಿಜಿಸ್ಟರು, ನೌಕರಿ ಪುಸ್ತಕ ಎಲ್ಲೇ ಮೂಲೆ ಹಿಡಿದಿರಲಿ, 'ವಿಲೇವಾರಿ'ಗೆ ಕಟ್ಟುವ ಮುನ್ನ ಪತ್ರಾಗಾರದವರನ್ನು ಕರೆಸಿ ತೋರಿಸಲಿ. ಶಂಕುಸ್ಥಾಪನೆ ಕಲ್ಲಿನ ಮೇಲೆ ಮಂತ್ರಿಗಳ ಹೆಸರು ಉಳಿಯುತ್ತದೆ. ಊರಿನ ಮಕ್ಕಳಿಗೆ ದಾಕು ಹಾಕಿದವನ ಹೆಸರು ಉಳಿದಿದ್ದರೆ ಅದು ಈ ಹರಿದ ಪುಟಗಳಲ್ಲಿ ಮಾತ್ರ.

ಸಂಬಂಧಪಟ್ಟವರು ಗಮನಿಸುವರೆ? ಅವರು ಗಮನಿಸುವ ತನಕ ಮನೆಯವರಾದರೂ ಅಟ್ಟ ಹತ್ತಲಿ.