ಫ್ಲೆಕ್ಸ್ ನೋಡಿ ಅಡ್ವಾನ್ಸ್ ಕಟ್ಟಬೇಡಿ, ಲೆಕ್ಕ ಕೇಳಿ!

ಗೊರೇಬಾಳ ಮತ್ತು ಸುತ್ತಲಿನ ಹಳ್ಳಿ, ಕ್ಯಾಂಪುಗಳ ತಂದೆ-ತಾಯಂದಿರಲ್ಲಿ ವಿನಂತಿ



ಸಿಂಧನೂರು, ಮಸ್ಕಿ, ಲಿಂಗಸೂಗೂರು, ಯಾವ ಬಸ್ ನಿಲ್ದಾಣದಲ್ಲಿ ಇಳಿದರೂ ಈಗ ಕಣ್ಣಿಗೆ ಬೀಳುವುದು ಕೋಚಿಂಗ್ ಸೆಂಟರ್, ವಸತಿ ಶಾಲೆಗಳ ಫ್ಲೆಕ್ಸುಗಳಲ್ಲಿನ ಮಕ್ಕಳ ಮುಖಗಳು. ‘ನವೋದಯಕ್ಕೆ ಆಯ್ಕೆ’, ‘ಸೈನಿಕ ಶಾಲೆಗೆ ಆಯ್ಕೆ’, ‘ಮೊರಾರ್ಜಿಗೆ ತಾಲ್ಲೂಕಿಗೇ ಪ್ರಥಮ’, ‘ನಂ. 1 ವಸತಿ ಶಾಲೆ’. ಕೆಳಗೆ ಫೋನ್ ನಂಬರು, ‘ಕೆಲವೇ ಸೀಟು ಬಾಕಿ’. ದುಡ್ಡು ಸಾಲದವರು ದಲಾಲಿ ಅಂಗಡಿಯಲ್ಲಿ ಭತ್ತದ ಮೇಲೆ ಮುಂಗಡ ಎತ್ತಿ, ನಾಲ್ಕನೇ ತರಗತಿಯ ಕೂಸಿನ ಟ್ರಂಕು ಹೊತ್ತು ಹಾಸ್ಟೆಲಿಗೆ ಬಿಟ್ಟು ಬರುತ್ತಿದ್ದಾರೆ.

ಫ್ಲೆಕ್ಸಿನಲ್ಲಿ ಹದಿನೈದು ಮುಖಗಳಿವೆ ಎನ್ನಿ. ಆ ಸಂಸ್ಥೆಯಿಂದ ಪ್ರವೇಶ ಪರೀಕ್ಷೆಗೆ ಕೂತವರು ಎಷ್ಟು ಮಂದಿ? ಇಪ್ಪತ್ತಾದರೆ ಆ ಮೇಷ್ಟ್ರಿಗೆ ಕೈಮುಗಿಯೋಣ. ಮುನ್ನೂರಾದರೆ, 285 ಮಕ್ಕಳ ಮನೆಯವರು ಕಟ್ಟಿದ ದುಡ್ಡಿನಲ್ಲಿ ಹದಿನೈದು ಮಕ್ಕಳ ಫ್ಲೆಕ್ಸ್ ಎದ್ದಿದೆ. ಕೂತವರ ಸಂಖ್ಯೆಯನ್ನು ನಾವು ಯಾವ ಫ್ಲೆಕ್ಸಿನಲ್ಲೂ ಕಂಡಿಲ್ಲ. ಮುದಗಲ್ಲಿನ ನವೋದಯ ವಿದ್ಯಾಲಯ ಆರನೇ ತರಗತಿಗೆ ವರ್ಷಕ್ಕೆ ಸೇರಿಸಿಕೊಳ್ಳುವುದೇ ಹೆಚ್ಚೆಂದರೆ 80 ಮಕ್ಕಳನ್ನು. ಊರೂರಿನ ಫ್ಲೆಕ್ಸುಗಳಲ್ಲಿರುವ ಮುಖಗಳನ್ನು ಒಮ್ಮೆ ಎಣಿಸಿ ನೋಡಿ.

ಸಿರಿವಂತರ ಶಾಲೆಗಳ ರ‍್ಯಾಂಕೂ ಇದಕ್ಕಿಂತ ಗಟ್ಟಿಯಲ್ಲ. ಬೆಂಗಳೂರಿನ ‘ಎಜುಕೇಷನ್ ವರ್ಲ್ಡ್’ ಪತ್ರಿಕೆ 2007ರಿಂದ ದೇಶದ ಶಾಲೆಗಳ ಪಟ್ಟಿ ಹೊರಡಿಸುತ್ತಿದೆ, ವಸತಿ ಶಾಲೆಗಳಿಗೆ ಬೇರೆಯೇ ಪಟ್ಟಿ ಇದೆ. ಪಾಲಕರು, ಪ್ರಾಂಶುಪಾಲರು, ಶಿಕ್ಷಕರನ್ನು ಕೇಳಿ, ಅವರ ಅಭಿಪ್ರಾಯಕ್ಕೆ ಅಂಕ ಹಾಕಿ ಅದನ್ನು ತಯಾರಿಸುತ್ತಾರೆ. ಹೆಸರು ಕೇಳಿದವರು ಹೆಸರಿಗೆ ಕೊಟ್ಟ ಅಂಕ ಅದು. ಮಗು ಎಷ್ಟು ಕಲಿಯಿತು ಎಂಬುದರ ಅಳತೆ ಅಲ್ಲ.

ಸೇರಿಸಿಕೊಳ್ಳುವಾಗಲೇ ಪರೀಕ್ಷೆ ಮಾಡಿ ಜಾಣರನ್ನು ಆರಿಸಿಕೊಂಡ ಶಾಲೆಗೆ ಒಳ್ಳೆಯ ರಿಸಲ್ಟ್ ಬಂದರೆ ಅದರಲ್ಲಿ ಶಾಲೆಯ ಪಾಲೆಷ್ಟು? ನಾಟಿ ಹಚ್ಚಲು ಹೋಗುವ, ಅಕ್ಷರ ಬಾರದ ತಾಯಿಯ ಮಗು ತಪ್ಪಿಲ್ಲದೆ ಪಾಠ ಓದುವಂತೆ ಮಾಡಿದ ಸರ್ಕಾರಿ ಶಾಲೆಯ ಟೀಚರಮ್ಮನಿಗೆ ಯಾವ ಪಟ್ಟಿಯಲ್ಲೂ ರ‍್ಯಾಂಕಿಲ್ಲ. ದೊಡ್ಡ ಕೆಲಸ ಅದೇ ಎಂದು ನಾವು ಗಟ್ಟಿಯಾಗಿ ಹೇಳುತ್ತೇವೆ.

ನಮ್ಮ ಕಡೆಯ ಶಾಲೆಯಲ್ಲೇ ಬಿಟ್ಟರೆ ಮಗು ಹಿಂದೆ ಬಿದ್ದೀತು ಎಂಬ ನಿಮ್ಮ ಭಯ ನಮಗೆ ಗೊತ್ತು. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಉಡುಪಿ ಶೇ 94, ಕೊನೆಯಲ್ಲಿ ನಮ್ಮ ನೆರೆಯ ಯಾದಗಿರಿ ಶೇ 50.59. ನಮ್ಮ ರಾಯಚೂರೂ ಕೆಳಗಿನ ಸಾಲಿನಲ್ಲೇ ಇತ್ತು. ಈ ಭಯವೇ ಫ್ಲೆಕ್ಸಿನವರ ಬಂಡವಾಳ.

ನವೋದಯ, ಮೊರಾರ್ಜಿ, ಕಿತ್ತೂರು ರಾಣಿ ಚನ್ನಮ್ಮ ಶಾಲೆಗಳಿಗೆ ನಾವು ವಿರೋಧಿಗಳಲ್ಲ. ನವೋದಯದಲ್ಲಿ ಕನಿಷ್ಠ ಶೇ 75 ಸೀಟು ಹಳ್ಳಿ ಮಕ್ಕಳಿಗೇ ಮೀಸಲು, ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಅರ್ಜಿ ಹಾಕಿ, ಖಂಡಿತ ಹಾಕಿ. ಸೀಟು ಸಿಗದ ಮಗುವನ್ನು ಮಾತ್ರ ‘ಫೇಲ್’ ಎಂದು ಕರೆಯಬೇಡಿ. ಹತ್ತು ವರ್ಷದ ಕೂಸು ಅದು.

ಹಣ ಕಟ್ಟುವ ಮುಂಚೆ ಕೌಂಟರಿನಲ್ಲೇ ಕೇಳಿ: ಹೋದ ವರ್ಷ ಎಷ್ಟು ಮಕ್ಕಳು ಸೇರಿದ್ದರು, ಎಷ್ಟು ಮಂದಿ ಪರೀಕ್ಷೆ ಬರೆದರು, ನಡುವೆ ಬಿಟ್ಟು ಹೋದವರೆಷ್ಟು, ಅವರಿಗೆ ಹಣ ವಾಪಸು ಬಂತೇ? ನಮ್ಮ ಮಗುವಿನ ಹೆಸರು ಯಾವ ಶಾಲೆಯ ಹಾಜರಿಯಲ್ಲಿ ಇರುತ್ತದೆ? ಆ ಶಾಲೆಗೆ ಸರ್ಕಾರ ಕೊಟ್ಟ 11 ಅಂಕಿಯ ಯುಡೈಸ್ ಕೋಡ್ ಬರೆದುಕೊಡಿ ಎನ್ನಿ. ರಾತ್ರಿ ಮಲಗುವ ಕೋಣೆ, ಶೌಚಾಲಯ, ಅಡುಗೆಮನೆ ನೀವೇ ಒಳಗೆ ಹೋಗಿ ನೋಡಿ. ಮಗುವನ್ನು ಹೊಡೆಯುವುದು, ಮಾನಸಿಕವಾಗಿ ಹಿಂಸಿಸುವುದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮಿನ ಪ್ರಕಾರ ನಿಷಿದ್ಧ. ‘ಹೊಡೆದರೇ ರ‍್ಯಾಂಕ್ ಬರೋದು’ ಎನ್ನುವವರ ಕೈಗೆ ಮಗುವನ್ನು ಕೊಡಬೇಡಿ.

ಒಬ್ಬರೇ ಹೋಗಿ ಕೇಳಿದರೆ ಗೇಟಿನಿಂದಲೇ ವಾಪಸು ಕಳಿಸುತ್ತಾರೆ. ಇಪ್ಪತ್ತು ಮಂದಿ ಹೋದರೆ ರಿಜಿಸ್ಟರ್ ತೆಗೆಯಲೇಬೇಕಾಗುತ್ತದೆ. ಬರುವ ಭಾನುವಾರ ಬೆಳಿಗ್ಗೆ 10 ಗಂಟೆಗೆ ಗೊರೇಬಾಳದ ಸರ್ಕಾರಿ ಶಾಲೆಯ ಆವರಣಕ್ಕೆ ಬನ್ನಿ, ಹಣ ಕಟ್ಟಿದ ರಸೀದಿ ಇದ್ದರೆ ತನ್ನಿ. ಸಂಸ್ಥೆಗಳಿಂದ ಈ ಲೆಕ್ಕ ತರಿಸಿ ನೋಟಿಸ್ ಬೋರ್ಡಿಗೆ ಹಚ್ಚಬೇಕೆಂದು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಬರೆದ ಮನವಿಗೆ ಅಲ್ಲೇ ಸಹಿ ಹಾಕೋಣ. ತಾಯಂದಿರು ತಪ್ಪದೇ ಬರಬೇಕು.

– ಗೊರೇಬಾಳದ ಪಾಲಕರು